ಮೊಟ್ಟೆ ಮುಟ್ಟದವನು ಆಮೆ ಕಾದದ್ದು

ಹಡಗು ಹತ್ತಿ ಹೊರದೇಶಕ್ಕೆ ಹೋಗಿ ಬಂದವನನ್ನು ಊರಿನವರು ಮೊದಲು ಕೇಳುವುದು, ಅಲ್ಲಿ ಎಂತ ನೋಡಿದಿರಿ ಎಂದು. ಆಮೆ ನೋಡಿದೆ ಎನ್ನುತ್ತೇನೆ. ಮತ್ತೆಂತ ನೋಡಿದಿರಿ ಎನ್ನುತ್ತಾರೆ. ಮತ್ತೂ ಆಮೆಯೇ ಎನ್ನುತ್ತೇನೆ. ಕೇಳಿದವರ ಮುಖ ಸಣ್ಣದಾಗುತ್ತದೆ. ಆಮೆ ನೋಡಲಿಕ್ಕೆ ಅಷ್ಟು ದೂರ ಹೋಗಬೇಕಿತ್ತೇ, ನಮ್ಮ ದೇವಸ್ಥಾನದ ಕೆರೆಯಲ್ಲಿ ಇರಲಿಲ್ಲವೇ ಎಂದು ಹಿರಿಯರೊಬ್ಬರು ಸಿಟ್ಟೇ ಮಾಡಿಕೊಂಡರು. ಅವರಿಗಾಗಿ ಮತ್ತು ಅವರಂತೆ ಯೋಚಿಸುವ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಡಗು ಎಷ್ಟು ಹೊತ್ತಿಗೆ ಹೊರಟಿತು, ಎಲ್ಲೆಲ್ಲಿ ನಿಂತಿತು ಎಂಬುದೆಲ್ಲ ಬೇಕಾದವರು ಬೇರೆ ಯಾರನ್ನಾದರೂ ಕೇಳಬಹುದು.

ನಾನು ಪುತ್ತೂರು ಸೀಮೆಯ ರಾಮಕುಂಜದ ಕಡೆಯವನು. ಮಕ್ಕಳಿಗೆ ವಿಜ್ಞಾನ ಕಲಿಸುವ ಮೇಷ್ಟ್ರು. ಮನೆಯಲ್ಲಿ ಅಡಿಕೆ ಬೆಳೆಯುತ್ತೇವೆ. ಹೊಸಲು ದಾಟಿ ಒಂದು ಕೋಳಿಮೊಟ್ಟೆಯೂ ನಮ್ಮ ಮನೆಯೊಳಗೆ ಬಂದದ್ದಿಲ್ಲ. ಈ ಕೊನೆಯ ಮೂರು ಸಂಗತಿಗಳನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ನಾನು ಮಾಡಿದ ಅನಾಹುತದಲ್ಲಿ ಮೂರಕ್ಕೂ ಪಾಲುಂಟು.

ಕುಚಿಂಗ್ ಪೇಟೆ

ಬೋರ್ನಿಯೋ ದ್ವೀಪದ ಸರವಾಕ್ ಎಂಬ ಸೀಮೆ ಐವತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ಇನ್ನೂ ಬ್ರಿಟಿಷರ ಕೈಯಲ್ಲೇ ಇತ್ತು. ಅದರ ದೊಡ್ಡ ಪೇಟೆ ಕುಚಿಂಗ್. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನನ್ನ ಭಾವ ಕಂಪೌಂಡರ್. ಅಕ್ಕನಿಗೆ ಎರಡನೇ ಹೆರಿಗೆಯಾಗಿತ್ತು. ಅಮ್ಮ ಬಾಳಂತಿ ಲೇಹ್ಯ ಕಾಸಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, "ಅಂಚೆಯಲ್ಲಿ ಹಾಕಿದ್ರೆ ಒಡೀತದೆ. ನೀನೇ ಕೊಂಡುಹೋಗಿ ಕೊಡು" ಎಂದಳು. ಅಂಚೆಗೂ ನನಗೂ ಅವಳು ಕಂಡ ವ್ಯತ್ಯಾಸ ಅಷ್ಟೇ. ಬೇಸಿಗೆ ರಜೆಗೆ ಸಂಬಳವಿಲ್ಲದ ರಜೆಯನ್ನು ಸೇರಿಸಿ, ಮದರಾಸಿನಲ್ಲಿ ಹಡಗು ಹತ್ತಿದೆ.

ಸಿಂಗಾಪುರದ ಬಂದರಿನಲ್ಲಿ ಸುಂಕದವನು ಭರಣಿಯ ಬಟ್ಟೆ ಬಿಚ್ಚಿ ಮೂಗಿಟ್ಟ. ಒಳಗಿನ ಕಪ್ಪು ಮುದ್ದೆಯನ್ನು ನೋಡಿ ಅಫೀಮು ಎಂದುಕೊಂಡನೋ ಏನೋ, ಇನ್ನಿಬ್ಬರನ್ನು ಕರೆದ. ನಾನು ತೋಳಿನಲ್ಲಿ ಮಗುವನ್ನು ತೂಗುವಂತೆ ಮಾಡಿ, ಹೊಟ್ಟೆ ತೋರಿಸಿ, ಅಕ್ಕನ ಹೆಸರನ್ನೂ ಹೇಳಿದೆ. ಕೊನೆಗೆ ಅವರಲ್ಲಿ ಹಿರಿಯನಾದವನು ಬೆರಳ ತುದಿಯಲ್ಲಿ ಚೂರು ತೆಗೆದು ನೆಕ್ಕಿದ. ಓಮ, ಕಾಳುಮೆಣಸು, ಶುಂಠಿ ಎಲ್ಲವೂ ಒಟ್ಟಿಗೆ ಗಂಟಲಿಗೆ ಇಳಿದಿರಬೇಕು. ಕಣ್ಣಲ್ಲಿ ನೀರು ತುಂಬಿಕೊಂಡು ನನಗೆ ದಾರಿ ತೋರಿಸಿದ.

ಕುಚಿಂಗಿನಲ್ಲಿ ಹದಿನೈದು ದಿನ ಅಕ್ಕನ ಮನೆಯಲ್ಲಿ ಉಂಡು ಮಲಗಿದೆ. ಹದಿನಾರನೆಯ ದಿನ ಭಾವ ಕಾಫಿ ಕುಡಿಯುತ್ತಾ ಹೇಳಿದ: "ನೋಡು ಮಾರಾಯ, ಇಲ್ಲಿ ಕೂತು ಕೂತು ನಿನಗೆ ಬೇಜಾರು. ನಿನ್ನನ್ನು ನೋಡಿ ನೋಡಿ ನನಗೆ ಬೇಜಾರು. ಒಂದು ಕೆಲಸ ಉಂಟು, ಸಂಬಳ ಇಲ್ಲ. ಹೋಗ್ತಿಯಾ?"

"ಎಂತ ಕೆಲಸ?"

"ಆಮೆ ಲೆಕ್ಕ ಮಾಡುದು."

ಅಕ್ಕ ಒಳಗಿನಿಂದಲೇ ದನಿಗೂಡಿಸಿದಳು: "ಹೋಗು ಮಾರಾಯ. ಶಾಲೆ ಮಕ್ಕಳನ್ನು ಲೆಕ್ಕ ಮಾಡಿ ಅಭ್ಯಾಸ ಉಂಟಲ್ಲ. ಆಮೆ ಆದ್ರೆ ಅಷ್ಟು ಓಡುದೂ ಇಲ್ಲ."

ವಿಷಯ ಹೀಗಿತ್ತು. ಸಮುದ್ರದೊಳಗೆ ಒಂದು ಸಣ್ಣ ದ್ವೀಪ. ಅಲ್ಲಿಗೆ ದೊಡ್ಡ ದೊಡ್ಡ ಕಡಲಾಮೆಗಳು ಬಂದು ಮೊಟ್ಟೆ ಇಟ್ಟು ಹೋಗುತ್ತವೆ. ತಲೆಮಾರುಗಳಿಂದ ಅಲ್ಲಿನ ಕಾವಲುಗಾರರು ಆ ಮೊಟ್ಟೆಗಳನ್ನು ತೆಗೆದು ಪೇಟೆಗೆ ಕಳಿಸುತ್ತಿದ್ದರು. ಆ ಸೀಮೆಯವರಿಗೆ ಅದು ಬಹಳ ರುಚಿಯ ತಿನಿಸು. ಆದರೆ ಆಮೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ ಎಂದು ಯಾರಿಗೋ ಹೊಳೆಯಿತು. ಈಗ ಒಂದು ಪಾಲು ಮೊಟ್ಟೆಗಳನ್ನು ಬೇಲಿಯೊಳಗೆ ಮರಳಿನಲ್ಲಿ ಹೂಳಿ, ಮರಿಯಾದ ಮೇಲೆ ಸಮುದ್ರಕ್ಕೆ ಬಿಡುತ್ತಿದ್ದರು. ಎಷ್ಟು ಹೂಳಿದರು, ಎಷ್ಟು ಮರಿಯಾಯಿತು ಎಂದು ಬರೆದಿಡಲು ಓದುಬರಹ ಬಲ್ಲ ಒಬ್ಬರು ಬೇಕಿತ್ತು. ಅದಕ್ಕೆ ಸ್ವಂತ ಇಷ್ಟದಿಂದ ಬಂದವನು ನಾನು, ಅಥವಾ ಭಾವನ ಇಷ್ಟದಿಂದ ಎನ್ನಿ.

ದ್ವೀಪಕ್ಕೆ

ಕರಾವಳಿ ಜಿಲ್ಲೆಯವನಾದ ನನಗೆ ಸಮುದ್ರ ಗೊತ್ತಿರಬೇಕು ಎಂದು ಎಲ್ಲರೂ ತಿಳಿಯುತ್ತಾರೆ. ನಮಗೆ ರಾಮಕುಂಜದಲ್ಲಿ ನೀರೆಂದರೆ ಕುಮಾರಧಾರೆ ಹೊಳೆ. ಸಮುದ್ರವನ್ನು ಮಂಗಳೂರಿಗೆ ಕೋರ್ಟು ಕಚೇರಿ ಕೆಲಸಕ್ಕೆ ಹೋದಾಗ ದೂರದಿಂದ ನೋಡಿ, ಹೌದು ಇದೆ ಎಂದು ಖಾತ್ರಿ ಮಾಡಿಕೊಂಡು ಬರುವುದು. ಮೀನುಗಾರರ ದೋಣಿಯಲ್ಲಿ ನಾಲ್ಕು ಗಂಟೆ ಕೂತಾಗ ಹೊಟ್ಟೆಯಲ್ಲಿದ್ದದ್ದೆಲ್ಲ ಬಾಯಿಗೆ ಬಂತು. ದ್ವೀಪದ ಮರಳಿಗೆ ನಾನು ಇಳಿದದ್ದು ಕಾಲಿನಲ್ಲಿ ಅಲ್ಲ, ಕೈ ಮೊಣಕಾಲುಗಳಲ್ಲಿ.

"ಮೆಲ್ಲ, ಮಾಷ್ಟ್ರೆ, ಮೆಲ್ಲ. ಆಮೆ ಕೂಡಾ ಹೀಗೇ ಬರುದು."

ತಲೆ ಎತ್ತಿ ನೋಡಿದೆ. ಲುಂಗಿ, ಬನಿಯನ್, ಅರ್ಧ ನೆರೆತ ಗಡ್ಡ. ಆ ಮನುಷ್ಯ ಮಾತಾಡಿದ್ದು ಅಪ್ಪಟ ಪುತ್ತೂರು ಸೀಮೆಯ ಕನ್ನಡ. ವಾಂತಿಯ ಸುಸ್ತಿನಲ್ಲಿ ನನಗೆ ಭ್ರಮೆಯಾಯಿತೆಂದೇ ಎಣಿಸಿದೆ.

ಅವರು ಅದ್ರಾಮ ಕಾಕ. ನಮ್ಮ ಕಡೆಯ ಬ್ಯಾರಿ ಮುಸಲ್ಮಾನರು, ಹುಟ್ಟೂರು ರಾಮಕುಂಜಕ್ಕೆ ಹತ್ತಿರದ ಕಡಬ. ಹರೆಯದಲ್ಲಿ ಹಡಗಿನಲ್ಲಿ ಅಡಿಗೆಯವರಾಗಿ ಸೇರಿ, ಕುಚಿಂಗಿನಲ್ಲಿ ಇಳಿದು, ಒಬ್ಬ ಮಲಯ ಹೆಂಗಸನ್ನು ಮದುವೆಯಾಗಿ ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದರು. ಆ ಹೆಂಗಸಿನ ತಂದೆಯೇ ದ್ವೀಪದ ಕಾವಲುಗಾರ ಪಾಕ್ ಸಾಲೇ. ಪಾಕ್ ಎಂದರೆ ಅಲ್ಲಿ ಹಿರಿಯರಿಗೆ ಮರ್ಯಾದೆಯಿಂದ ಹೇಳುವ ಅಪ್ಪ. ಆಮೆ ಬರುವ ತಿಂಗಳುಗಳಲ್ಲಿ ಕಾಕ ಮಾವನಿಗೆ ಅಡಿಗೆ ಮಾಡಿಕೊಂಡು, ಕೆಲಸಕ್ಕೂ ಕೈ ಹಾಕಿಕೊಂಡು ದ್ವೀಪದಲ್ಲೇ ಉಳಿಯುತ್ತಿದ್ದರು. ಭಾವ ಇವರ ಮೂಲಕವೇ ನನ್ನನ್ನು ಇಲ್ಲಿಗೆ ಸಾಗಹಾಕಿದ್ದು ಎಂದು ಆಮೇಲೆ ತಿಳಿಯಿತು.

ಗುಡಿಸಲಿಗೆ ಹೋದ ಕೂಡಲೇ ಕಾಕ ಮೂಲೆಯಲ್ಲಿದ್ದ ಒಂದು ಮಡಕೆ ತೋರಿಸಿದರು. "ಇದು ನಿಮಗೆ ಅಂತ ತಂದದ್ದು. ಹೊಸತು. ಇದರಲ್ಲಿ ಮೀನು ಬಿದ್ದಿಲ್ಲ, ನಾನು ಇರುವವರೆಗೆ ಬೀಳುದೂ ಇಲ್ಲ. ಗಂಜಿ, ಚಟ್ನಿ, ಗೆಣಸು. ಅದಕ್ಕಿಂತ ಹೆಚ್ಚು ಕೇಳ್ಬೇಡಿ."

ಪರದೇಶದಲ್ಲಿ, ನಾಲ್ಕು ಕಡೆ ಸಮುದ್ರ ಇರುವಲ್ಲಿ, ಮೀನು ಬಿಟ್ಟರೆ ಬೇರೇನೂ ಸಿಗದ ಜಾಗದಲ್ಲಿ ಒಬ್ಬರು ನನಗಾಗಿ ಮಡಕೆ ಹೊತ್ತು ತಂದಿದ್ದರು. ನನಗೆ ಅಳು ಬಂತು. ಸಮುದ್ರದ ಸುಸ್ತು ಎಂದು ಸುಳ್ಳು ಹೇಳಿದೆ.

ಮೊದಲ ವಾರ

ಪಾಕ್ ಸಾಲೇಗೆ ಎಪ್ಪತ್ತು ದಾಟಿತ್ತು. ಸಣ್ಣ ಆಳು. ನಡೆದರೆ ಮರಳಿನಲ್ಲಿ ಹೆಜ್ಜೆ ಮೂಡುತ್ತದೋ ಇಲ್ಲವೋ ಎಂಬಂಥ ನಡಿಗೆ. ಮಾತು ಬಹಳ ಕಡಿಮೆ. ಅವರ ಮಲಯ ಭಾಷೆ ನನಗೆ ಬಾರದು, ನನ್ನ ಯಾವ ಭಾಷೆಯೂ ಅವರಿಗೆ ಬಾರದು. ನಡುವೆ ಕಾಕ ಬೇಕು. ಕಾಕ ಅನುವಾದ ಮಾಡುವಾಗ ಮಾವ ಹೇಳಿದ ಎರಡು ಶಬ್ದ ಹತ್ತಾಗುತ್ತಿತ್ತು, ನಾನು ಹೇಳಿದ ಹತ್ತು ಎರಡಾಗುತ್ತಿತ್ತು.

ಆದರೆ ವೀಳ್ಯಕ್ಕೆ ಅನುವಾದ ಬೇಡ. ಆ ಸೀಮೆಯಲ್ಲೂ ಎಲೆ ಅಡಿಕೆ ಹಾಕುತ್ತಾರೆ. ನನ್ನ ಚೀಲದಲ್ಲಿ ನಮ್ಮ ಮನೆಯ, ಬಿಸಿಲಿಗೆ ಒಣಗಿಸಿದ ಚಾಲಿ ಅಡಿಕೆ ಇತ್ತು. ಮೊದಲ ದಿನವೇ ಒಂದು ಹಿಡಿ ಕೊಟ್ಟೆ. ಪಾಕ್ ಸಾಲೇ ಅಡಿಕೆಯನ್ನು ಬೆಳಕಿಗೆ ಹಿಡಿದು, ಉಗುರಿನಲ್ಲಿ ಕೆರೆದು, ಮೂಸಿ ನೋಡಿದರು. ಪುತ್ತೂರಿನ ಅಡಿಕೆ ವ್ಯಾಪಾರಿಗಳೂ ಇಷ್ಟು ಗಂಭೀರವಾಗಿ ನೋಡುವುದಿಲ್ಲ. ಹಲ್ಲು ಉಳಿದಿರಲಿಲ್ಲವಾದ್ದರಿಂದ ಒಂದು ಹಿತ್ತಾಳೆಯ ಕೊಳವೆಯಲ್ಲಿ ಎಲ್ಲವನ್ನೂ ಹಾಕಿ ಕುಟ್ಟಿ ಪುಡಿಮಾಡಿ ತಿನ್ನುತ್ತಿದ್ದರು. ನಮ್ಮ ಅಜ್ಜಿಗೆ ನಾನು ಹಾಗೆ ಕುಟ್ಟಿಕೊಡುತ್ತಿದ್ದೆ. ಎರಡನೇ ದಿನದಿಂದ ಕೊಳವೆ ನನ್ನ ಕೈಗೆ ಬಂತು.

ಕೆಲಸದಲ್ಲಿ ನನ್ನ ಮೊದಲ ಮೂರು ರಾತ್ರಿ ಪೂರ್ತಿ ದಂಡ. ಆಮೆಗಳು ಕತ್ತಲಾದ ಮೇಲೆ ದಡ ಹತ್ತುವುದು. ಅವು ಬರುವಾಗ ದೀಪ ಇರಬಾರದು, ಮಾತು ಇರಬಾರದು. ಆಮೆ ಎಂಬ ಹೆಸರನ್ನೂ ಎತ್ತುವಂತಿಲ್ಲ. ನಾವು ಕತ್ತಲಾದ ಮೇಲೆ ಹಾವನ್ನು ಹುಳ ಎನ್ನುವಂತೆ ಅವರು ಅಜ್ಜಿ ಎನ್ನುತ್ತಿದ್ದರು. ಇದನ್ನೆಲ್ಲ ಪಾಲಿಸಿ ಉಸಿರು ಹಿಡಿದು ಕೂತರೂ ಅಜ್ಜಿಯರು ಅರ್ಧ ದಾರಿ ಬಂದು ತಿರುಗಿ ಹೋಗುತ್ತಿದ್ದರು. ಪಾಕ್ ಸಾಲೇ ಏನೂ ಹೇಳಲಿಲ್ಲ. ನಾಲ್ಕನೇ ಸಂಜೆ ಕಾಕ ಕೆಮ್ಮುತ್ತಾ ಬಂದು ಒಂದು ಕಪ್ಪು ಚೌಕಳಿಯ ಲುಂಗಿ ನೀಡಿದರು.

"ಮಾವ ಕೊಟ್ಟದ್ದು. ನಿಮ್ಮ ಬಿಳಿ ಪಂಚೆ ಉಂಟಲ್ಲ, ಅದು ಬೆಳ್ದಿಂಗಳಲ್ಲಿ ಒಂದು ಮೈಲಿಗೆ ಕಾಣ್ತದೆ. ಆಮೆಗೆ ಕಣ್ಣಿಲ್ವಾ?"

"ಮೊದಲೇ ಹೇಳುದಲ್ವಾ ಕಾಕ?"

"ಬಂದವರಿಗೆ ಬಟ್ಟೆ ಬಿಚ್ಚಿ ಅಂತ ಹೇಳುದು ಹೇಗೆ ಮಾರಾಯ್ರೆ? ಊರಿಗೆ ಹೋಗಿ ಬ್ಯಾರಿ ಲುಂಗಿ ಉಡಿಸಿದ ಅಂತ ದೂರು ಹೇಳ್ಬೇಡಿ."

ಲುಂಗಿ ಉಟ್ಟ ರಾತ್ರಿಯೇ ಒಂದು ಆಮೆ ನನ್ನಿಂದ ಎರಡು ಮಾರು ದೂರದಲ್ಲಿ ಬಂದು ಗುಂಡಿ ತೋಡಲು ಶುರುಮಾಡಿತು. ಮುಂಗಾಲಿನಲ್ಲಿ ಅದು ಎಸೆದ ಮರಳು ನನ್ನ ಕಣ್ಣು, ಬಾಯಿ, ಕಿವಿ ತುಂಬಿತು. ಕೆಮ್ಮುವಂತಿಲ್ಲ, ಉಗುಳುವಂತಿಲ್ಲ. ಮತ್ತೆ ಹಿಂಗಾಲುಗಳಿಂದ ಒಂದು ಆಳದ ಕುಳಿ ಮಾಡಿತು. ಎಷ್ಟು ನಾಜೂಕು ಎಂದರೆ, ಆ ದಪ್ಪ ಕಾಲನ್ನು ಸೌಟಿನಂತೆ ಬಗ್ಗಿಸಿ ಒಂದೊಂದು ಹಿಡಿ ಮರಳನ್ನು ಎತ್ತಿ ಪಕ್ಕಕ್ಕಿಡುತ್ತಿತ್ತು. ಅದರೊಳಗೆ ಬಿಳೀ ಮೊಟ್ಟೆಗಳು ಬಿದ್ದವು. ಅದರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಡಲಾಮೆ ಮೈಯ ಉಪ್ಪನ್ನು ಹೊರಹಾಕುವ ರೀತಿ ಅದು ಎಂದು ವಿಜ್ಞಾನದ ಮೇಷ್ಟ್ರಿಗೆ ಗೊತ್ತಿತ್ತು. ಹೆರಿಗೆಯಾದ ಅಕ್ಕನನ್ನು ಆಗಷ್ಟೇ ನೋಡಿ ಬಂದ ತಮ್ಮನಿಗೆ ಅದು ಒಪ್ಪಿಗೆಯಾಗಲಿಲ್ಲ.

ಅದೇ ವಾರ ಪಾಕ್ ಸಾಲೇ ಒಂದು ಆಮೆಯ ವಿಷಯ ಹೇಳಿದರು. ಅದರ ಚಿಪ್ಪಿನ ಎಡ ಅಂಚಿನಲ್ಲಿ ಕಚ್ಚಿ ತೆಗೆದಂತೆ ಒಂದು ಕೊರೆ ಇದೆಯಂತೆ. ಅವರು ಹರೆಯದಲ್ಲಿದ್ದಾಗಿನಿಂದ ಆ ಆಮೆಯನ್ನು ಬಲ್ಲರು. ಕೆಲವು ವರ್ಷಕ್ಕೊಮ್ಮೆ ಬರುತ್ತದೆ.

"ಮಾವ ಹೇಳ್ತಾರೆ," ಎಂದು ಕಾಕ ಅನುವಾದಿಸಿದರು, "ಅವಳ ಮೊಟ್ಟೆ ಮಾರಿಯೇ ನನ್ನ ಮಕ್ಕಳು ದೊಡ್ಡ ಆದದ್ದು. ಒಂದು ಸಲಕ್ಕೂ ಒಂದು ಮರಿ ಅವಳಿಗೆ ಬಿಟ್ಟಿಲ್ಲ ನಾನು. ಈ ಸಲ ಬಂದ್ರೆ ಒಂದು ಗೂಡಾದ್ರೂ ವಾಪಾಸು ಕೊಡ್ಬೇಕು. ಇನ್ನೊಂದು ಸಲಕ್ಕೆ ನಾನು ಇರುದಿಲ್ಲ."

ಒಂಬತ್ತನೇ ದಿನ

ಅವಳು ಬಂದಳು. ನಾನು ಆಗ ನಿದ್ರೆಯಲ್ಲಿದ್ದೆ. ಬೆಳಕು ಹರಿಯುವಾಗ ಪಾಕ್ ಸಾಲೇ ಬೆತ್ತದ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಗುಡಿಸಲ ಬಾಗಿಲಿಗೆ ಬಂದರು. ನೂರಾ ಆರು ಮೊಟ್ಟೆ. ಬುಟ್ಟಿಯನ್ನು ನನ್ನ ಮುಂದೆ ಇಟ್ಟರು.

"ನೀವು ಹೂಳ್ಬೇಕಂತೆ," ಎಂದರು ಕಾಕ. ಅವರಿಗೇ ಆಶ್ಚರ್ಯವಾಗಿತ್ತು. "ಮಾವನ ಕೈ ಮಾರಿದ ಕೈ ಅಂತೆ. ನನ್ನದು ತಿಂದ ಕೈ. ನೀವು ಹುಟ್ಟಿದ ಮೇಲೆ ಒಂದು ಮೊಟ್ಟೆ ಮುಟ್ಟಿದವರಲ್ಲ ಅಂತ ನಾನೇ ಒಂದು ದಿನ ಹೇಳಿದ್ದೆ. ಅದು ಅವರ ತಲೆಯಲ್ಲಿ ಕೂತಿದೆ. ಇದನ್ನು ಮಾಷ್ಟ್ರ ಕೈಯಿಂದಲೇ ಹೂಳಿಸ್ಬೇಕು ಅಂತ."

ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಆವರೆಗೆ ನಾನು ಬರೀ ಎಣಿಸಿ ಬರೆಯುವವನು. ಮೊಟ್ಟೆ ಹೂಳುವುದು ಅವರಿಬ್ಬರ ಕೆಲಸ, ಅದೂ ನಾನು ರಾತ್ರಿಯ ಕಾವಲು ಮುಗಿಸಿ ಮಲಗಿರುವ ಬೆಳಗಿನ ಜಾವದಲ್ಲಿ. ಹೂಳುವುದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಹೇಗೆ ಎಂದು ಕೇಳಬಹುದಿತ್ತು. ಆದರೆ ಕೇಳುವುದು ಮೇಷ್ಟ್ರುಗಳಿಗೆ ಹೇಳಿದ ಕೆಲಸವಲ್ಲ; ನಮ್ಮದು ಏನಿದ್ದರೂ ಹೇಳುವುದು. ಅದೂ ಅಲ್ಲದೆ ಮಣ್ಣಿನಲ್ಲಿ ಒಂದು ವಸ್ತುವನ್ನು ಹೂತು ಮೊಳಕೆ ಬರಿಸುವುದನ್ನು ರಾಮಕುಂಜದವನಿಗೆ ಯಾರು ಕಲಿಸಬೇಕು?

ಆ ಬೆಳಿಗ್ಗೆ ಕಾಕ ಸೌದೆಗೆಂದು ದ್ವೀಪದ ಆಚೆ ಬದಿಗೆ ಹೋದರು. ನಾನು ಗಂಜಿ ಕುಡಿದು, ಬೇಲಿಯೊಳಗೆ ಗುಂಡಿ ತೋಡಲು ಕೂತೆ. ಒಣ ಮರಳು ಕುಸಿದು ಕುಸಿದು ಬಿತ್ತು. ಮೂರು ಸಲ ತೋಡಿದೆ. ಒಂದು ಮೊಳ ಆಳಕ್ಕೆ ಚೆಂದದ ಗುಂಡಿ ನಿಲ್ಲುವಾಗ ಸೂರ್ಯ ನೆತ್ತಿಗೆ ಬಂದಿದ್ದ. ಆಗ ನನಗೆ ಬುದ್ಧಿ ಓಡಿತು. ಒಳ್ಳೆಯದು, ಕೆಟ್ಟದ್ದು ಬೇರೆ ಮಾಡದೆ ಹಾಗೇ ಹೂಳುವುದುಂಟೇ?

ನಮ್ಮಲ್ಲಿ ಬೀಜದಡಿಕೆ ಆರಿಸುವ ಕ್ರಮ ಓದುಗರಲ್ಲಿ ಹಲವರಿಗೆ ಗೊತ್ತು. ಹಣ್ಣಡಿಕೆಗಳನ್ನು ನೀರಿಗೆ ಹಾಕಬೇಕು. ತೊಟ್ಟು ಮೇಲೆ ಮಾಡಿ ನೆಟ್ಟಗೆ ನಿಂತು ತೇಲುವುದು ಬೀಜಕ್ಕೆ. ಅಡ್ಡ ಬಿದ್ದದ್ದನ್ನು ಒಣಗಲು ಹಾಕುವುದು. ಅಪ್ಪ ಅದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಿದ್ದರು ಎಂದರೆ, ಆ ಹೊತ್ತಿನಲ್ಲಿ ಮನೆಗೆ ಬಂದ ನೆಂಟರನ್ನೂ ಮಾತಾಡಿಸುತ್ತಿರಲಿಲ್ಲ. ಅದೇ ಶ್ರದ್ಧೆಯಿಂದ ನಾನು ಬಾಲ್ದಿಯಲ್ಲಿ ಸಮುದ್ರದ ನೀರು ತಂದು, ಮೊಟ್ಟೆಗಳನ್ನು ಒಂದೊಂದಾಗಿ ಬಿಟ್ಟೆ.

ಎಲ್ಲವೂ ಮುಳುಗಿದವು. ಒಂದೂ ನೆಟ್ಟಗೆ ನಿಲ್ಲಲಿಲ್ಲ. ನೀರು ಸಾಲದೆಂದು ಇನ್ನಷ್ಟು ತಂದು ಹೊಯ್ದೆ. ಕೈ ಹಾಕಿ ತಿರುಗಿಸಿದೆ. ತಲೆ ಯಾವುದು ಬುಡ ಯಾವುದು ತಿಳಿಯದೆ, ಒಂದನ್ನು ಎತ್ತಿ ಹೊರಳಿಸಿ ಹೊರಳಿಸಿ ತೊಟ್ಟು ಹುಡುಕಿದೆ. ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿಯೂ ನೋಡಿದೆ.

"ಅಲ್ಲಾ! ಎಂತ ಮಾಡ್ತಾ ಇದ್ದೀರಿ ಮಾಷ್ಟ್ರೆ!"

ಕಾಕ ಸೌದೆಯ ಹೊರೆಯನ್ನು ಅಲ್ಲೇ ಎಸೆದು ಓಡಿ ಬಂದರು. "ಇಟ್ಟ ನಾಲ್ಕು ಗಂಟೆಯೊಳಗೆ ಹೂಳಿ ಮುಗಿಸ್ಬೇಕು. ಆಮೇಲೆ ಅಲುಗಿಸ್ಲಿಕ್ಕೆ ಇಲ್ಲ, ತಿರುಗಿಸ್ಲಿಕ್ಕೆ ಇಲ್ಲ. ಹೇಗೆ ಬುಟ್ಟಿಯಲ್ಲಿ ಉಂಟೋ ಹಾಗೇ ಮರಳಿಗೆ ಇಳಿಸುದು. ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುವ ಹೊತ್ತು ಅದು. ತಿರುಗಿಸಿದ್ರೆ ಸತ್ತುಹೋಗ್ತದೆ! ನೀರಿಗೆ ಯಾರಾದ್ರೂ ಹಾಕ್ತಾರಾ?"

ನನ್ನ ಕೈಯಲ್ಲಿದ್ದ ಮೊಟ್ಟೆಯನ್ನು ಕೆಳಗಿಡಲೂ ಹೆದರಿಕೆಯಾಯಿತು, ಹಿಡಿದುಕೊಳ್ಳಲೂ ಹೆದರಿಕೆಯಾಯಿತು. ಪಾಕ್ ಸಾಲೇ ಬಂದರು. ಬಾಲ್ದಿ ನೋಡಿದರು, ನನ್ನನ್ನು ನೋಡಿದರು. ನಾನು ಒಂದು ಏಟು ನಿರೀಕ್ಷಿಸಿದೆ. ಕೊಟ್ಟಿದ್ದರೆ ಎಷ್ಟೋ ಸುಖವಾಗುತ್ತಿತ್ತು. ಅವರು ಕುಕ್ಕುರುಗಾಲಲ್ಲಿ ಕೂತು, ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ ನನ್ನ ಅಂಗೈಗೆ ಇಟ್ಟು, ನನ್ನ ಕೈಯಿಂದಲೇ ಗುಂಡಿಗೆ ಇಳಿಸಿದರು. ಮರಳು ಮುಚ್ಚಿ, ಕೋಲು ನೆಟ್ಟರು. ಮತ್ತೆ ಎರಡು ಶಬ್ದ ಹೇಳಿ ಎದ್ದು ಹೋದರು.

"ಎಂತ ಹೇಳಿದ್ರು?" ಎಂದು ಕೇಳಿದೆ.

ಮೊದಲ ಬಾರಿಗೆ ಕಾಕ ಎರಡು ಶಬ್ದವನ್ನು ಎರಡೇ ಮಾಡಿ ಹೇಳಿದರು: "ಕಾದು ನೋಡುವ."

ಕಾಯುವ ದಿನಗಳು

ಮರಳಿನೊಳಗೆ ಮೊಟ್ಟೆ ಮರಿಯಾಗಲು ಐವತ್ತು ಐವತ್ತೈದು ದಿನ ಬೇಕು. ಅಷ್ಟು ದಿನ ನಾನು ಏನು ಮಾಡಿದೆ ಎಂದು ಕೇಳಿದರೆ, ಬೇಲಿಯ ಸುತ್ತ ತಿರುಗಿದೆ. ಏಡಿಗಳನ್ನು ಓಡಿಸಿದೆ. ದ್ವೀಪದ ಏಡಿಗಳಿಗೆ ನಾಚಿಕೆ ಎಂಬುದಿಲ್ಲ. ನನ್ನ ಸಾಬೂನನ್ನು ಕಣ್ಣೆದುರೇ ಎಳೆದುಕೊಂಡು ಹೋಗಿ ಬಿಲದೊಳಗೆ ಹಾಕಿದವು. ಊರಿನಲ್ಲಿ ಆಟಿ ತಿಂಗಳ ಮಳೆ ಹೊಯ್ಯುತ್ತಿರುವ ಹೊತ್ತಿಗೆ ನಾನು ಕೊಡೆಯನ್ನು ಬಿಸಿಲಿಗೆ ಹಿಡಿದು, ಒಂದು ಕೋಲಿನ ಮುಂದೆ ಕೂತಿರುತ್ತಿದ್ದೆ.

ಕಾಕ ಸಮಾಧಾನ ಹೇಳುತ್ತಿದ್ದರು. ಅವರ ಸಮಾಧಾನ ಊರಿನ ಸುದ್ದಿ ಕೇಳುವ ರೂಪದಲ್ಲಿ ಬರುತ್ತಿತ್ತು. "ಕಡಬದ ಸಂತೆ ಈಗಲೂ ಆಗ್ತದಾ? ಮಸೀದಿ ಹತ್ರದ ದೊಡ್ಡ ಹಲಸಿನ ಮರ ಉಂಟಾ?" ನನಗೆ ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದಕ್ಕೂ ಉಂಟು ಎಂದೆ. ಊರು ಬಿಟ್ಟ ಮೇಲೆ ಅವರು ಒಮ್ಮೆಯೂ ಹೋಗಿರಲಿಲ್ಲ. ಮರ ಇಲ್ಲ ಎಂದು ಹೇಳುವ ಧೈರ್ಯ ಯಾರಿಗಿದೆ?

ನಾನು ಬರುವ ಮೊದಲೇ ಹೂತಿದ್ದ ಗೂಡುಗಳು ಒಂದೊಂದಾಗಿ ಒಡೆಯಲು ಶುರುವಾದವು. ಮೊದಲು ಮರಳು ಬಟ್ಟಲಿನಷ್ಟು ತಗ್ಗಾಗುತ್ತದೆ. ಸಂಜೆ ಮರಳು ತಣಿಯುತ್ತಿದ್ದಂತೆ ಆ ತಗ್ಗು ಅಲುಗುತ್ತದೆ. ಮತ್ತೆ ಅನ್ನದ ತಪಲೆಯಲ್ಲಿ ಕುದಿ ಬಂದಂತೆ ಮರಳೇ ಕುದಿಯುತ್ತದೆ. ಒಂದು ತಲೆ, ಹತ್ತು ತಲೆ, ನೂರು ತಲೆ. ಅಂಗೈಯಲ್ಲಿ ಮೂರು ಹಿಡಿಸುವಷ್ಟು ಸಣ್ಣ ಕಪ್ಪು ಮರಿಗಳು. ಯಾರೂ ದಾರಿ ತೋರಿಸದೆ ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತವೆ. ನಾವು ಮೂವರು ಹಕ್ಕಿಗಳನ್ನು, ಏಡಿಗಳನ್ನು ಓಡಿಸುತ್ತಾ ಅವುಗಳ ಜೊತೆ ನೀರಿನವರೆಗೆ ಹೋಗುತ್ತಿದ್ದೆವು. ಎಪ್ಪತ್ತು ದಾಟಿದ ಪಾಕ್ ಸಾಲೇ ಕೈ ಬೀಸಿ ಹಕ್ಕಿಗಳಿಗೆ ಬೈಯುವುದನ್ನು ನೋಡಬೇಕಿತ್ತು. ನನ್ನ ಜೀವನದಲ್ಲಿ ಅಷ್ಟು ಸಂತೋಷದ ಸಂಜೆಗಳು ಬೇರೆ ಇಲ್ಲ. ಪ್ರತಿ ಸಲವೂ ಹಿಂತಿರುಗುವಾಗ ನನ್ನ ಕೋಲಿನ ಮುಂದೆ ನಿಲ್ಲುತ್ತಿದ್ದೆ, ಸಂತೋಷ ಇಳಿದುಹೋಗುತ್ತಿತ್ತು.

ಕೊರೆಯ ಆಮೆ ಆ ವರ್ಷ ಮತ್ತೆ ಬರಲಿಲ್ಲ. ಉಳಿದವು ಹನ್ನೊಂದು ಹನ್ನೆರಡು ದಿನಕ್ಕೊಮ್ಮೆ ಮತ್ತೆ ಮತ್ತೆ ಬಂದು ಮೊಟ್ಟೆ ಇಟ್ಟವು. ಪಾಕ್ ಸಾಲೇ ಪ್ರತಿ ರಾತ್ರಿ ಪ್ರತಿಯೊಂದರ ಎಡ ಅಂಚನ್ನೂ ಬೆರಳಿನಿಂದ ಸವರಿ ನೋಡುತ್ತಿದ್ದರು. ಕೊರೆ ಸಿಗದೆ ಮುಂದಿನದಕ್ಕೆ ಹೋಗುತ್ತಿದ್ದರು. ಆ ಒಂದು ಗೂಡೇ ಅವರಿಗೆ ಸಿಕ್ಕಿದ್ದು, ಅದನ್ನು ನಾನು ನೀರಿಗೆ ಹಾಕಿದ್ದೆ.

ಐವತ್ತು ದಿನವಾಯ್ತು. ಐವತ್ತೈದಾಯ್ತು. ನನ್ನ ಗೂಡಿನ ಮರಳು ಚಪ್ಪಟೆಯಾಗಿಯೇ ಇತ್ತು.

ದೋಣಿ ಬರುವ ಮುನ್ನಾದಿನ

ಐವತ್ತೆಂಟನೇ ದಿನ. ಮರುದಿನ ನನ್ನನ್ನು ಕರೆದೊಯ್ಯಲು ದೋಣಿ ಬರುವುದಿತ್ತು, ಊರಿಗೆ ಹೋಗುವ ಹಡಗೂ ಗೊತ್ತಾಗಿತ್ತು. ಮಧ್ಯಾಹ್ನ ಇಳಿಯುವಾಗ ಪಾಕ್ ಸಾಲೇ ಬಂದು ಅಗೆಯೋಣ ಎಂದು ಸನ್ನೆ ಮಾಡಿದರು.

"ಬೇಡ ಕಾಕ," ಎಂದೆ. "ನಾನು ಹೋದ ಮೇಲೆ ಬೇಕಾದ್ರೆ ನೋಡಲಿ. ನನಗೆ ನೋಡ್ಲಿಕ್ಕೆ ಆಗುದಿಲ್ಲ."

ಕಾಕ ಮಾವನಿಗೆ ಹೇಳಿದರು. ಮಾವ ತಲೆ ಅಲ್ಲಾಡಿಸಿದರು, ಸ್ವಲ್ಪ ಗಟ್ಟಿಯಾಗಿಯೇ ಏನೋ ಹೇಳಿದರು.

"ಇವತ್ತೇ ಅಗೀಬೇಕಂತೆ. ನೂರು ಮರಿ ಇದ್ರೆ ಒಂದರ ಬೆನ್ನಿಗೆ ಒಂದು ಕಾಲು ಕೊಟ್ಟು ಮರಳು ಸರಿಸಿ ಮೇಲೆ ಬರ್ತವೆ. ನಾಲ್ಕೈದೇ ಇದ್ರೆ ಅವಕ್ಕೆ ಬರ್ಲಿಕ್ಕೆ ಆಗುದಿಲ್ಲ, ಅಡಿಯಲ್ಲೇ ಸಾಯ್ತವೆ. ಇದ್ರೆ ತೆಗೀಬೇಕಲ್ಲ ಮಾಷ್ಟ್ರೆ?"

ಅಗೆದೆವು. ಕೈಯಿಂದಲೇ. ಒಂದು ಗೇಣು ಹೋಗುವಷ್ಟರಲ್ಲಿ ನಾತ ಬಂತು. ಕೊಳೆತ ಮೊಟ್ಟೆಗಳು, ಹಳದಿ ಬಣ್ಣಕ್ಕೆ ತಿರುಗಿ ಕುಗ್ಗಿದವು. ಒಂದು, ಎರಡು, ಹತ್ತು, ಮೂವತ್ತು. ಕೆಲವು ಒಡೆದಾಗ ಒಳಗೆ ಅರ್ಧ ಆದ ಮರಿಗಳಿದ್ದವು, ಕಣ್ಣು ಮುಚ್ಚಿಕೊಂಡಿದ್ದವು. ನನ್ನ ಕಣ್ಣಿನಿಂದ ನೀರು ಇಳಿಯಲು ಶುರುವಾಯಿತು, ಮರೆಮಾಡಲಿಲ್ಲ. ಪಾಕ್ ಸಾಲೇ ಒಂದೊಂದನ್ನೂ ಎತ್ತಿ ಪಕ್ಕಕ್ಕೆ ಸಾಲಾಗಿ ಇಡುತ್ತಾ ಹೋದರು. ತೊಂಬತ್ತು ದಾಟಿತು.

ಆಮೇಲೆ ಅವರ ಕೈ ನಿಂತಿತು. ನನ್ನ ಕೈಯನ್ನು ಹಿಡಿದು ಗುಂಡಿಯ ತಳಕ್ಕೆ ಇಳಿಸಿದರು. ನನ್ನ ಬೆರಳಿಗೆ ಏನೋ ತಣ್ಣಗೆ ತಾಗಿ, ತಳ್ಳಿತು.

ಒಂಬತ್ತು ಮರಿಗಳು. ಖಾಲಿ ಚಿಪ್ಪುಗಳ ನಡುವೆ ಸಿಕ್ಕಿಕೊಂಡು, ಮೇಲೆ ಬರಲಾರದೆ, ಕಾಲು ಅಲ್ಲಾಡಿಸುತ್ತಿದ್ದವು. ನಾನು ಒಂದೊಂದಾಗಿ ಎತ್ತಿದೆ. ಕಾಕ ಮೂರು ಸಲ ಎಣಿಸಿದರು. "ಒಂಬತ್ತು ಉಂಟು ಮಾಷ್ಟ್ರೆ, ಒಂಬತ್ತು!" ಎಂದು ಸಣ್ಣ ಮಕ್ಕಳಂತೆ ಕೂಗಿದರು.

ಬಿಸಿಲು ಪೂರ್ತಿ ಇಳಿಯುವವರೆಗೆ ಹಸಿ ಮರಳು ಹಾಕಿದ ಬುಟ್ಟಿಯಲ್ಲಿ ನೆರಳಿಗಿಟ್ಟು ಕಾದೆವು. ಮುಸ್ಸಂಜೆಗೆ ದಡದಲ್ಲಿ ಬಿಟ್ಟೆವು. ಪಾಕ್ ಸಾಲೇ ಮರಿಗಳನ್ನು ಮುಟ್ಟಲೇ ಇಲ್ಲ, ನನ್ನ ಕೈಯಿಂದಲೇ ಬಿಡಿಸಿದರು. ಎಂಟು ನೇರವಾಗಿ ಓಡಿದವು. ಒಂದಕ್ಕೆ ಶಕ್ತಿ ಸಾಲದೆ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ನಾವು ಮೂವರೂ ಅದರ ಸುತ್ತ ನಿಂತು ಹಕ್ಕಿ ಬಾರದಂತೆ ಕಾದೆವು. ಕಾಕ ಅದಕ್ಕೆ ಕನ್ನಡದಲ್ಲೇ ಹೇಳಿದರು, "ಹೋಗು ಮಾರಾಯ, ಸ್ವಲ್ಪವೇ ಉಳಿದದ್ದು, ಹೋಗು." ತೆರೆ ಬಂದು ಎತ್ತಿಕೊಂಡಿತು. ಪಾಕ್ ಸಾಲೇ ನೀರಿನ ಕಡೆ ತುಂಬ ಹೊತ್ತು ನೋಡಿದರು. ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

ಗುಡಿಸಲಿಗೆ ಬಂದು ದೀಪ ಹಚ್ಚಿ ಲೆಕ್ಕದ ಪುಸ್ತಕ ತೆರೆದೆ. ಮರುದಿನ ಅದನ್ನು ಒಪ್ಪಿಸಬೇಕು. ಹೂತ ಮೊಟ್ಟೆ ನೂರಾ ಆರು, ಬದುಕಿದ ಮರಿ ಒಂಬತ್ತು. ಪಕ್ಕದಲ್ಲಿ ಕಾರಣ ಬರೆಯುವ ಜಾಗ. ಮೊಟ್ಟೆ ಕೆಟ್ಟಿತ್ತು ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ, ಕೆಲವು ಗೂಡುಗಳು ಹಾಗೂ ಆಗುತ್ತವೆ. ನಾನು ಇಂಗ್ಲಿಷಿನಲ್ಲಿ ಬರೆದೆ: ಹೊತ್ತು ಮೀರಿದ ಮೇಲೆ ಮೊಟ್ಟೆಗಳನ್ನು ನೀರಿಗೆ ಹಾಕಿ ತಿರುಗಿಸಿದ್ದರಿಂದ ಹೀಗಾಯಿತು, ಮೇಷ್ಟ್ರ ತಪ್ಪು. ಕೆಳಗೆ ಹೆಸರು ಹಾಕಿದೆ.

ಪಾಕ್ ಸಾಲೇಗೆ ಓದು ಬಾರದು. ಏನು ಬರೆದದ್ದು ಎಂದು ಅಳಿಯನನ್ನು ಕೇಳಿದರು. ಕಾಕ ನನ್ನಿಂದ ಕೇಳಿಕೊಂಡು ಹೇಳಿದರು. ಹಿರಿಯರು ಬಾಯಲ್ಲಿದ್ದ ವೀಳ್ಯವನ್ನು ಹೊರಗೆ ಹೋಗಿ ಉಗುಳಿ ಬಂದು, ನನ್ನೆದುರು ನೆಲದ ಮೇಲೆ ಕೂತರು. ನಿಧಾನವಾಗಿ, ಬಹಳ ಹೊತ್ತು ಮಾತಾಡಿದರು. ಎರಡು ತಿಂಗಳಲ್ಲಿ ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಾಕ ಅದನ್ನು ಉದ್ದ ಮಾಡದೆ, ಗಿಡ್ಡ ಮಾಡದೆ ಹೇಳಿದರು.

"ಮಾವ ಹೇಳ್ತಾರೆ, ಅದು ಸುಳ್ಳು. ಆ ದಿನ ಮಾಷ್ಟ್ರು ಬಾಲ್ದಿ ಹಿಡ್ಕೊಂಡು ಸಮುದ್ರಕ್ಕೆ ಹೋದದ್ದು ನಾನು ನೋಡಿದ್ದೆ. ಮೊದಲನೇ ಮೊಟ್ಟೆ ನೀರಿಗೆ ಬಿಟ್ಟದ್ದೂ ನೋಡಿದ್ದೆ. ಮರದ ಬುಡದಲ್ಲೇ ಇದ್ದೆ ನಾನು. ಅದು ತಪ್ಪು ಅಂತ ನನಗೆ ಗೊತ್ತಿತ್ತು. ಆದ್ರೆ ನಾವು ಅತಿಥಿಯ ಕೈ ಹಿಡಿದು ನಿಲ್ಲಿಸುವ ಜನ ಅಲ್ಲ. ಅವರು ಓದಿದವರು, ಅವರ ಊರಲ್ಲಿ ಹೀಗೊಂದು ಶಾಸ್ತ್ರ ಇರಬಹುದು, ನಡುವೆ ಬಾಯಿ ಹಾಕಿದ್ರೆ ಅವರಿಗೆ ಅವಮಾನ ಅಂತ ಸುಮ್ಮನೆ ಕೂತೆ. ಎದ್ದು ಬಂದು ಬೇಡ ಅಂತ ಒಂದು ಮಾತು ಹೇಳ್ಬಹುದಿತ್ತು. ಅವಳ ಮಕ್ಕಳು ಸಾಯುದನ್ನು ನೋಡ್ತಾ ನಾನು ಮರ್ಯಾದೆ ಮಾಡ್ತಾ ಕೂತೆ."

ಪಾಕ್ ಸಾಲೇ ಬೆರಳು ಚಾಚಿ ನಾನು ಹೆಸರು ಬರೆದಿದ್ದ ಸಾಲನ್ನು ಮುಟ್ಟಿದರು. ಇನ್ನೊಂದು ಮಾತು ಹೇಳಿದರು.

"ಇನ್ನೊಮ್ಮೆ ಬರೀಬೇಕಂತೆ ಮಾಷ್ಟ್ರೆ. ಅವರ ಹೆಸರೂ ಹಾಕ್ಬೇಕಂತೆ. ಅದೂ ಮೊದಲಿಗೆ ಹಾಕ್ಬೇಕು, ಅವರು ಹಿರಿಯರಲ್ವಾ."

ನಾನು ಬೇಡ ಎಂದೆ. ಅವರು ಕದಲಲಿಲ್ಲ. ಆ ಸಾಲನ್ನು ಹೊಡೆದುಹಾಕಿ, ಕೆಳಗೆ ಹೊಸದಾಗಿ ಬರೆದೆ. ಸಾಲೇ ಎಂಬ ಹೆಸರು ಮೊದಲು, ನನ್ನದು ಅದರ ನಂತರ, ಇಬ್ಬರ ತಪ್ಪು ಎಂದು. ಬರೆದದ್ದನ್ನು ಅವರು ದೀಪಕ್ಕೆ ಹಿಡಿದು, ಓದಲು ಬಾರದಿದ್ದರೂ, ಎರಡು ಹೆಸರುಗಳನ್ನೂ ಬೆರಳಿನಲ್ಲಿ ಒಂದೊಂದಾಗಿ ಮುಟ್ಟಿ ನೋಡಿ, ಸರಿ ಎಂದು ನನ್ನ ಬೆನ್ನ ಮೇಲೆ ಕೈ ಇಟ್ಟರು.